ಬೋನಸ್ ತಿಂಗಳು ಟಿಡಿಎಸ್ ಜಾಸ್ತಿ ಹೋಗಿದ್ಯಾ? ಸ್ಲಿಪ್ಪಿಂದ ಹಿಂದಕ್ಕೆ ಲೆಕ್ಕ ಹಾಕಿ ತಪ್ಪು ಹಿಡಿಯೋ ಕ್ರಮ

2025ರ ದೀಪಾವಳಿ ಅಕ್ಟೋಬರ್ 20ರ ವಾರ ಬಂತು. ನಾನು ಪೇರೋಲ್ ನೋಡ್ಕೊಳ್ಳೋದು ಶಿವಮೊಗ್ಗದ ಮಾಚೇನಹಳ್ಳಿ ಕಡೆ ಒಂದು ಫೌಂಡ್ರಿದು, ಅಲ್ಲಿ ಸಾಗರ, ಹೊಸನಗರ ಕಡೆಯ ಹುಡುಗ್ರು ತುಂಬ ಜನ ಇದಾರೆ, ಅವ್ರಿಗೆ ಅದು ದೊಡ್ಡಬ್ಬ, ಊರಿಗೆ ಹೋಗೋ ಮುಂಚೆ ಕೈಗೆ ದುಡ್ಡು ಸಿಗ್ಲಿ ಅಂತ ಅಕ್ಟೋಬರ್ ಸಂಬಳ, ಬೋನಸ್ ಎರಡೂ ಒಟ್ಟಿಗೇ ಹಬ್ಬಕ್ಕೆ ಮುಂಚೆ ಹಾಕಿದ್ವಿ. ಮಾರನೇ ದಿನ ಬೆಳಗ್ಗೆ ಕ್ವಾಲಿಟಿ ಸೆಕ್ಷನ್ ಹುಡುಗ ಒಬ್ಬ ಮೊಬೈಲಲ್ಲಿ ಸ್ಲಿಪ್ ತೆಗೆದು ಹಿಡ್ಕೊಂಡು ಬಂದ.

"ಅಕ್ಕ, ಎಂತ ಇದು? ಈ ವರ್ಷ ನಂಗೆ ಟ್ಯಾಕ್ಸೇ ಬರಲ್ಲ ಅಂತ ಏಪ್ರಿಲಲ್ಲಿ ನೀವೇ ಹೇಳಿದ್ರಲ್ಲ. ಬೋನಸ್ಸಿಗೆ ಬೇರೆ ಟ್ಯಾಕ್ಸ್ ಇದ್ಯಾ?"

ಸ್ಲಿಪ್ಪಲ್ಲಿ ಸಂಬಳ 80,000, ಬೋನಸ್ 60,000, ಪ್ರೊಫೆಷನಲ್ ಟ್ಯಾಕ್ಸ್ 200, ಟಿಡಿಎಸ್ (ಸಂಬಳ ಕೊಡುವಾಗಲೇ ಕಂಪನಿ ಹಿಡಿಯೋ ಆದಾಯ ತೆರಿಗೆ) 7,800. ಅದರ ಹಿಂದಿನ ಆರು ತಿಂಗಳು ಟಿಡಿಎಸ್ ಸೊನ್ನೆ. ಅವನು ಕೇಳಿದ್ದು ಸರಿಯಾಗೇ ಇತ್ತು, ಆ 7,800 ಹೋಗಬಾರದಿತ್ತು. ಅದು ಎಲ್ಲಿಂದ ಬಂತು ಅಂತ ಹುಡುಕಿದ ದಾರಿನ ಇಲ್ಲಿ ಬರೀತಿದೀನಿ, ಯಾಕಂದ್ರೆ ಬೋನಸ್ ತಿಂಗಳು, ಇನ್ಕ್ರಿಮೆಂಟ್ ತಿಂಗಳು ಈ ತರದ ಪ್ರಶ್ನೆ ಎಲ್ಲ ಆಫೀಸಲ್ಲೂ ಬರುತ್ತೆ, "ಸಿಸ್ಟಮ್ ಲೆಕ್ಕ ಹಾಕಿದೆ, ರಿಟರ್ನಲ್ಲಿ ವಾಪಸ್ ತಗೊಳ್ಳಿ" ಅಂತ ಹೇಳಿ ಕಳಿಸಿಬಿಡ್ತಾರೆ. ಹಬ್ಬದ ದುಡ್ಡಲ್ಲಿ 7,800 ಕಮ್ಮಿ ಆದ್ರೆ ಅದು ಮನೆಗೆ ಗೊತ್ತಾಗೋ ದುಡ್ಡು, ಹಂಗೆ ಕಳಿಸೋದು ಸರಿ ಅಲ್ಲ. ಕೆಳಗಿನ ಲೆಕ್ಕ, ಸೆಕ್ಷನ್, ಫಾರ್ಮ್ ನಂಬರ್ ಎಲ್ಲ 2025-26ನೇ ಆರ್ಥಿಕ ವರ್ಷದ್ದು, ಹೊಸ ತೆರಿಗೆ ಪದ್ಧತಿದು.

ಮೊದಲು ಆ ಪ್ರಶ್ನೆಗೇ ಉತ್ತರ. ನಮ್ಮಲ್ಲಿ ಬೋನಸ್ಸಿಗೆ ಅಂತ ಬೇರೆ ರೇಟ್ ಇಲ್ಲ. ಅಮೆರಿಕದಲ್ಲಿ ಬೋನಸ್ಸನ್ನ ಬೇರೆ ಹಿಡಿದು ಫ್ಲಾಟ್ 22 ಪರ್ಸೆಂಟ್ ಕಟ್ ಮಾಡೋ ಒಂದು ದಾರಿ ಇದೆ, ಅಲ್ಲಿನ ವಿಡಿಯೋ ನೋಡಿ ನಮ್ಮವ್ರೂ ಹಂಗೇ ಅಂದ್ಕೊಂಡಿರ್ತಾರೆ. ಇಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ 192ನೇ ಸೆಕ್ಷನ್ ಪ್ರಕಾರ ಕಂಪನಿ ನಿಮ್ಮ ಇಡೀ ವರ್ಷದ ಸಂಬಳದ ಆದಾಯ ಅಂದಾಜು ಮಾಡಿ, ಅದಕ್ಕೆ ಟ್ಯಾಕ್ಸ್ ಎಷ್ಟು ಅಂತ ನೋಡಿ, ಆ ಸರಾಸರಿ ರೇಟಲ್ಲಿ ಸಂಬಳ ಕೊಡುವಾಗ ಹಿಡಿಬೇಕು. ಬೋನಸ್ಸು, ಎಕ್ಸ್‌ಗ್ರೇಷಿಯಾ, ಇನ್ಸೆಂಟಿವ್, ಅರಿಯರ್ಸ್ (ಹಿಂದಿನ ತಿಂಗಳುಗಳ ಬಾಕಿ) ಎಲ್ಲ ಸಂಬಳವೇ. ಕಾಯ್ದೆ ಪ್ರಕಾರ ಕೊಡೋ 8.33 ಪರ್ಸೆಂಟ್ ಬೋನಸ್ ಆದ್ರೂ ಅಷ್ಟೇ, ಯಜಮಾನ್ರು ಖುಷಿಯಿಂದ ಕೊಟ್ಟಿದ್ದಾದ್ರೂ ಅಷ್ಟೇ.

ಅಂದ್ರೆ ಸಾಫ್ಟ್‌ವೇರ್ ಪ್ರತಿ ತಿಂಗಳೂ ಮಾಡೋ ಕೆಲಸ ಇದು: ಇಲ್ಲಿವರೆಗೆ ಕೊಟ್ಟಿದ್ದು ಎಷ್ಟು, ಈ ತಿಂಗಳದ್ದು ಎಷ್ಟು, ಮಾರ್ಚ್ ತನಕ ಇನ್ನು ಬರೋದು ಎಷ್ಟು, ಮೂರನ್ನೂ ಕೂಡುತ್ತೆ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುತ್ತೆ, ಸ್ಲ್ಯಾಬ್ ಪ್ರಕಾರ ಟ್ಯಾಕ್ಸ್ ಹಾಕುತ್ತೆ, ಆ ಟ್ಯಾಕ್ಸ್ ಮೇಲೆ 4 ಪರ್ಸೆಂಟ್ ಸೆಸ್ ಸೇರಿಸುತ್ತೆ, ಈಗಾಗ್ಲೆ ಹಿಡಿದಿರೋ ಟಿಡಿಎಸ್ ಕಳೆದು ಉಳಿದಿದ್ದನ್ನ ಉಳಿದ ತಿಂಗಳಿಗೆ ಭಾಗ ಮಾಡುತ್ತೆ. ಇದರಲ್ಲಿ ಮೊದಲ ಎರಡು ನಡೆದ ವಿಷಯ. ಮೂರನೇದು, ಇನ್ನು ಬರೋದು ಎಷ್ಟು ಅನ್ನೋದು, ಬರೀ ಅಂದಾಜು. ಅಡಿಕೆ ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಹಿಡಿಯೋರು ಮರದ ಮೇಲಿನ ಗೊನೆ ನೋಡಿ ಇಡೀ ವರ್ಷದ ಫಸಲು ಅಂದಾಜು ಕಟ್ತಾರಲ್ಲ, ಹಂಗೆ. ಚೇಣಿದಾರನ ಅಂದಾಜು ತಪ್ಪಿದ್ರೆ ವ್ಯವಹಾರ ಪೂರ್ತಿ ತಪ್ಪುತ್ತೆ, ಇಲ್ಲೂ ಅಷ್ಟೇ. ನಾನು ನೋಡಿದ ಕೇಸುಗಳಲ್ಲಿ ಸ್ಲ್ಯಾಬ್ ಲೆಕ್ಕ ತಪ್ಪಿರೋದು ಕಮ್ಮಿ, ಈ ಅಂದಾಜು ತಪ್ಪಿರೋದೇ ಜಾಸ್ತಿ.

ಹಂಗಾಗಿ ಟಿಡಿಎಸ್ ಜಾಸ್ತಿ ಕಂಡ್ರೆ ಆ ಟಿಡಿಎಸ್ ನಂಬರ್ ಜೊತೆ ಗುದ್ದಾಡಬೇಡಿ, ಸಾಫ್ಟ್‌ವೇರ್ ನಿಮ್ಮ ವರ್ಷದ ಆದಾಯ ಎಷ್ಟು ಅಂತ ಅಂದ್ಕೊಂಡಿದೆ ಅನ್ನೋದನ್ನ ಹಿಡೀರಿ. ಟ್ಯಾಕ್ಸ್ ಶೀಟ್ (ಸಾಫ್ಟ್‌ವೇರಿನ ತೆರಿಗೆ ಲೆಕ್ಕದ ಹಾಳೆ) ಸಿಕ್ಕಿದ್ರೆ ಅದರಲ್ಲೇ ಇರುತ್ತೆ. ಸಿಗಲಿಲ್ಲ ಅಂದ್ರೂ ತೊಂದ್ರೆ ಇಲ್ಲ, ಸ್ಲಿಪ್ಪಲ್ಲಿರೋ ಟಿಡಿಎಸ್ ಇಂದಾನೇ ಹಿಂದಕ್ಕೆ ಹೋಗಬಹುದು.

ಆ ಹುಡುಗನ ಎದುರಿಗೇ ಸ್ಲಿಪ್ ಪ್ರಿಂಟ್ ತೆಗೆದು ಅದರ ಹಿಂದೆ ಪೆನ್ಸಿಲಲ್ಲಿ ಬರೆದೆ. ಅಕ್ಟೋಬರಿಂದ ಮಾರ್ಚ್ ತನಕ ಆರು ತಿಂಗಳು, 7,800 ಇಂಟು 6, 46,800. ಇದರಲ್ಲಿ ಸೆಸ್ ಸೇರಿದೆ, 1.04ರಿಂದ ಭಾಗಿಸಿದ್ರೆ 45,000. ಈಗ ಸ್ಲ್ಯಾಬ್. 4 ಲಕ್ಷದ ತನಕ ಏನಿಲ್ಲ, 4ರಿಂದ 8 ಲಕ್ಷಕ್ಕೆ 5 ಪರ್ಸೆಂಟ್ ಅಂದ್ರೆ 20,000, 8ರಿಂದ 12ಕ್ಕೆ 10 ಪರ್ಸೆಂಟ್ ಅಂದ್ರೆ 40,000, ಒಟ್ಟು 60,000. ತೆರಿಗೆಗೆ ಒಳಪಡೋ ಆದಾಯ 12 ಲಕ್ಷ ದಾಟಲಿಲ್ಲ ಅಂದ್ರೆ ಆ 60,000 ಪೂರ್ತಿ 87ಎ ರಿಬೇಟಲ್ಲಿ ಮನ್ನಾ. ದಾಟಿದ್ರೆ ಮನ್ನಾ ಇಲ್ಲ, ಆದ್ರೆ ಸ್ವಲ್ಪವೇ ದಾಟಿದವ್ರಿಗೆ ಮಾರ್ಜಿನಲ್ ರಿಲೀಫ್ ಅಂತ ಇದೆ, 12 ಲಕ್ಷದ ಮೇಲೆ ಎಷ್ಟು ದಾಟಿದೀರೋ ಅದಕ್ಕಿಂತ ಜಾಸ್ತಿ ಟ್ಯಾಕ್ಸ್ ಹಾಕಂಗಿಲ್ಲ. ಅಂದ್ಮೇಲೆ ಸೆಸ್ ಬಿಟ್ಟು 45,000 ಟ್ಯಾಕ್ಸ್ ಬಂದಿದೆ ಅಂದ್ರೆ ಒಂದೇ ಅರ್ಥ, ಸಾಫ್ಟ್‌ವೇರ್ ಇವನ ಆದಾಯ 12,45,000 ಅಂದ್ಕೊಂಡಿದೆ. ಅದಕ್ಕೆ 75,000 ವಾಪಸ್ ಕೂಡಿಸಿ, 13,20,000.

ನಿಜವಾಗಿ ಎಷ್ಟು? 80,000 ಇಂಟು 12 ಅಂದ್ರೆ 9,60,000, ಬೋನಸ್ 60,000, ಒಟ್ಟು 10,20,000. 75,000 ಕಳೆದ್ರೆ 9,45,000. ಟ್ಯಾಕ್ಸ್ ಸೊನ್ನೆ.

13,20,000ದಲ್ಲಿ 10,20,000 ಕಳೆದ್ರೆ 3,00,000 ವ್ಯತ್ಯಾಸ. ಈ ವ್ಯತ್ಯಾಸನ ಬೋನಸ್ ಮೊತ್ತದಿಂದ ಭಾಗಿಸಿ ನೋಡಿ: 3,00,000 ಭಾಗ 60,000, ಸರಿಯಾಗಿ 5. ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ, ಮಾರ್ಚ್. ಮುಂದಿನ ಐದು ತಿಂಗಳೂ ಇವನಿಗೆ 60,000 ಬೋನಸ್ ಬರುತ್ತೆ ಅಂತ ಸಾಫ್ಟ್‌ವೇರ್ ಅಂದಾಜು ಕಟ್ಟಿದೆ. ಶೇಷ ಇಲ್ದೆ 5 ಬಂದ ಕೂಡ್ಲೇ ತಪ್ಪು ಎಲ್ಲಿದೆ ಅಂತ ಗೊತ್ತಾಗೋಯ್ತು, ಸೆಟ್ಟಿಂಗ್ಸ್ ತೆಗೆದು ನೋಡಿದ್ದು ಖಾತ್ರಿ ಮಾಡ್ಕೊಳ್ಳೋಕೆ ಅಷ್ಟೇ.

ಸೆಟ್ಟಿಂಗ್ಸಲ್ಲಿ ಇದ್ದಿದ್ದು ಏನಂದ್ರೆ, ಬೋನಸ್ಸಿಗೆ ಹೊಸ ಪೇ ಹೆಡ್ (ಸ್ಲಿಪ್ಪಲ್ಲಿ ಬರೋ ಒಂದೊಂದು ಬಾಬ್ತಿನ ಸಾಲು) ಮಾಡುವಾಗ ನಾನು ಸ್ಪೆಷಲ್ ಅಲೊವೆನ್ಸ್ ಹೆಡ್ಡನ್ನ ಕಾಪಿ ಮಾಡಿ ಹೆಸರು ಮಾತ್ರ ಬದಲಾಯಿಸಿದ್ದೆ. ಸ್ಪೆಷಲ್ ಅಲೊವೆನ್ಸ್ ಪ್ರತಿ ತಿಂಗಳು ಬರೋದು, ಹಂಗಾಗಿ "ಮುಂದಿನ ತಿಂಗಳಿಗೂ ಅಂದಾಜು ಮಾಡು" ಅನ್ನೋ ಟಿಕ್ ಅದರಲ್ಲಿತ್ತು, ಕಾಪಿ ಜೊತೆ ಆ ಟಿಕ್ಕೂ ಬಂತು. ಒಂದೊಂದು ಸಾಫ್ಟ್‌ವೇರಲ್ಲಿ ಇದಕ್ಕೆ ಒಂದೊಂದು ಹೆಸರು, ರಿಕರಿಂಗ್ ಅಂತಾರೆ, ಫಿಕ್ಸೆಡ್ ಅಂತಾರೆ, ಪ್ರೊಜೆಕ್ಷನ್ ಎಸ್ ಆರ್ ನೋ ಅಂತ ಇರುತ್ತೆ. ಬೋನಸ್, ಅರಿಯರ್ಸ್, ರಜೆ ನಗದೀಕರಣ, ಇನ್ಸೆಂಟಿವ್, ಇವಕ್ಕೆಲ್ಲ ಅದು ಒನ್ ಟೈಮ್ ಅಂತಾನೇ ಇರಬೇಕು. ಆ ತಿಂಗಳು ಅವನೊಬ್ಬನಿಗಲ್ಲ, ಅದೇ ಹೆಡ್ಡಲ್ಲಿ ಬೋನಸ್ ತಗೊಂಡವ್ರ ಪಟ್ಟಿ ಪೂರ್ತಿ ಚೆಕ್ ಮಾಡಬೇಕಾಯ್ತು. ಸಂಬಳ ಕಮ್ಮಿ ಇದ್ದವ್ರಿಗೆ ತಪ್ಪು ಅಂದಾಜಲ್ಲೂ 12 ಲಕ್ಷ ದಾಟಿರಲಿಲ್ಲ, ಅವ್ರ ಸ್ಲಿಪ್ಪಲ್ಲಿ ಟಿಡಿಎಸ್ ಸೊನ್ನೆನೇ ಇತ್ತು, ಅದಕ್ಕೇ ತಪ್ಪು ಅಷ್ಟು ಬೇಗ ಕಣ್ಣಿಗೆ ಬಿದ್ದಿರಲಿಲ್ಲ. ಹಂಗಾಗಿ ಒಬ್ಬರು ಬಂದು ಕೇಳಿದ್ರೆ ಒಬ್ಬರದ್ದೇ ಸರಿ ಮಾಡಿ ಸುಮ್ಮನಾಗಬೇಡಿ.

ವ್ಯತ್ಯಾಸ ಸರಿಯಾಗಿ ಒಂದು ಬೋನಸ್ಸಷ್ಟೇ ಬಂದ್ರೆ, ಅಂದ್ರೆ 5ರ ಬದಲು 1 ಬಂದ್ರೆ, ಅದು ಬೇರೆ ತಪ್ಪು. ಕೆಲವು ಕಡೆ ಏಪ್ರಿಲಲ್ಲೇ ಸಿಟಿಸಿ (ವರ್ಷದ ಒಟ್ಟು ಸಂಬಳ ಪ್ಯಾಕೇಜ್) ಒಳಗೆ ವರ್ಷದ ಬೋನಸ್ ಇಷ್ಟು ಅಂತ ಹಾಕಿ ಅಂದಾಜಿಗೆ ಸೇರಿಸಿರ್ತಾರೆ. ಅಕ್ಟೋಬರಲ್ಲಿ ನಿಜವಾಗಿ ಕೊಟ್ಟಾಗ ಆ ಅಂದಾಜು ಸಾಲು ತೆಗೀಬೇಕು, ತೆಗೆಯದೇ ಹೋದ್ರೆ ಒಂದೇ ಬೋನಸ್ ಎರಡು ಸಲ ಆದಾಯಕ್ಕೆ ಸೇರುತ್ತೆ. ಏಪ್ರಿಲಿಂದ ಸ್ವಲ್ಪ ಸ್ವಲ್ಪ ಹಿಡಿದಿದ್ದೂ ಅಲ್ದೆ ಅಕ್ಟೋಬರಲ್ಲಿ ಮತ್ತೆ ಏರಿದೆ ಅಂದ್ರೆ ಇದನ್ನೇ ಮೊದಲು ನೋಡಿ.

ಇನ್ಕ್ರಿಮೆಂಟ್ ಬಂದಾಗ

ಇನ್ಕ್ರಿಮೆಂಟಲ್ಲಿ ವಿಷಯ ಇನ್ನೂ ಸ್ವಲ್ಪ ಸೂಕ್ಷ್ಮ, ಯಾಕಂದ್ರೆ ಇಲ್ಲಿ ಸಂಬಳ ಏರಿದ್ದು ಮುಂದಕ್ಕೆ ಅಂದಾಜಾಗಬೇಕು, ಆದ್ರೆ ಅರಿಯರ್ಸ್ ಆಗಬಾರದು. ಎರಡೂ ಒಂದೇ ತಿಂಗಳ ಸ್ಲಿಪ್ಪಲ್ಲಿ ಬರುತ್ತೆ.

ಒಬ್ಬರ ಸಂಬಳ 1,20,000. ಜುಲೈಯಿಂದ ಜಾರಿಗೆ ಬರೋ ಹಂಗೆ 1,35,000 ಆಯ್ತು, ಆರ್ಡರ್ ಬಂದಿದ್ದು ಅಕ್ಟೋಬರಲ್ಲಿ, ಜುಲೈ ಆಗಸ್ಟ್ ಸೆಪ್ಟೆಂಬರ್ ಮೂರು ತಿಂಗಳ ಅರಿಯರ್ಸ್ 45,000. ಸೆಪ್ಟೆಂಬರ್ ತನಕ ಇವ್ರ ಅಂದಾಜು ವರ್ಷಕ್ಕೆ 14,40,000, ಡಿಡಕ್ಷನ್ ಕಳೆದು 13,65,000, ಟ್ಯಾಕ್ಸ್ 84,750, ಸೆಸ್ ಸೇರಿ 88,140, ತಿಂಗಳಿಗೆ 7,345. ಆರು ತಿಂಗಳಲ್ಲಿ 44,070 ಹೋಗಿದೆ.

ಅಕ್ಟೋಬರಲ್ಲಿ ಹೊಸ ಲೆಕ್ಕ: ಮೊದಲ ಮೂರು ತಿಂಗಳು 3,60,000, ಆಮೇಲೆ ಒಂಬತ್ತು ತಿಂಗಳು 12,15,000, ಒಟ್ಟು 15,75,000. ಕಳೆದು 15,00,000. ಟ್ಯಾಕ್ಸ್ 60,000 ಪ್ಲಸ್ ಮೇಲಿನ 3 ಲಕ್ಷಕ್ಕೆ 15 ಪರ್ಸೆಂಟ್ 45,000, ಒಟ್ಟು 1,05,000, ಸೆಸ್ ಸೇರಿ 1,09,200. ಅದರಲ್ಲಿ 44,070 ಕಳೆದ್ರೆ 65,130, ಆರರಿಂದ ಭಾಗಿಸಿದ್ರೆ ತಿಂಗಳಿಗೆ 10,855.

ಇಲ್ಲೇ ಜನ ಗಾಬರಿ ಆಗೋದು. "ಸಂಬಳ ಏರಿದ್ದು 15,000, ಟಿಡಿಎಸ್ ಏರಿದ್ದು 3,510, ಅಂದ್ರೆ 23 ಪರ್ಸೆಂಟ್ ಆಯ್ತಲ್ಲ ಮಾರಾಯ್ರೆ, ನನ್ನ ಸ್ಲ್ಯಾಬ್ 15 ಅಲ್ವಾ" ಅಂತ. ಇದು ತಪ್ಪಲ್ಲ. ಒಂಬತ್ತು ತಿಂಗಳ ಏರಿಕೆಯ ಟ್ಯಾಕ್ಸನ್ನ ಆರೇ ತಿಂಗಳಲ್ಲಿ ಹಿಡೀತಿದಾರೆ ಅಷ್ಟೇ. ವರ್ಷಕ್ಕೆ ಏರಿದ್ದು 1,35,000, ಅದರ 15.6 ಪರ್ಸೆಂಟ್ 21,060, ಆರರಿಂದ ಭಾಗಿಸಿ ನೋಡಿ, 3,510 ಬರುತ್ತೆ.

ಆದ್ರೆ ಸ್ಲಿಪ್ಪಲ್ಲಿ 10,855 ಬದಲು 17,788 ಅಂತ ಬಂದಿದ್ರೆ? ಮತ್ತೆ ಹಿಂದಕ್ಕೆ ಹೋಗಿ. 17,788 ಇಂಟು 6, ಅದಕ್ಕೆ ಈಗಾಗ್ಲೆ ಹಿಡಿದ 44,070 ಕೂಡಿಸಿದ್ರೆ 1,50,798, ರೌಂಡಿಂಗಿಗೆ ಒಂದೆರಡು ರೂಪಾಯಿ ಆಚೀಚೆ, 1,50,800 ಅನ್ಕೊಳ್ಳಿ. ಸೆಸ್ ತೆಗೆದ್ರೆ 1,45,000. ಇದರಲ್ಲಿ 12 ಲಕ್ಷದ ತನಕ 60,000, 12ರಿಂದ 16ಕ್ಕೆ 60,000, ಉಳಿದ 25,000 ಅನ್ನೋದು 20 ಪರ್ಸೆಂಟ್ ಸ್ಲ್ಯಾಬಿನ 1,25,000ದ್ದು. ಅಂದ್ರೆ 17,25,000, ಡಿಡಕ್ಷನ್ ವಾಪಸ್ ಸೇರಿಸಿ 18,00,000. ನಿಜವಾದ್ದು 15,75,000. ವ್ಯತ್ಯಾಸ 2,25,000, ಅರಿಯರ್ಸ್ 45,000ದಿಂದ ಭಾಗಿಸಿ, ಮತ್ತೆ ಅದೇ 5. ಅರಿಯರ್ಸ್ ಹೆಡ್ ಮುಂದಿನ ತಿಂಗಳಿಗೆಲ್ಲ ಹರಿದು ಹೋಗಿದೆ. ಇನ್ನು ಕೆಲವರು ಅರಿಯರ್ಸಿಗೆ ಬೇರೆ ಹೆಡ್ ಮಾಡದೇ ಆ ತಿಂಗಳ ಬೇಸಿಕ್ಕಿಗೇ ಸೇರಿಸಿ ಒಟ್ಟು 1,80,000 ಅಂತ ಹಾಕ್ತಾರೆ, ಪರಿಣಾಮ ಇದೇ, ಹುಡುಕೋದು ಮಾತ್ರ ಕಷ್ಟ, ಯಾಕಂದ್ರೆ ಸ್ಲಿಪ್ಪಲ್ಲಿ ಅರಿಯರ್ಸ್ ಅನ್ನೋ ಸಾಲೇ ಇರಲ್ಲ. ದಯವಿಟ್ಟು ಹಂಗೆ ಮಾಡಬೇಡಿ.

ಅರಿಯರ್ಸ್ ಹಿಂದಿನ ಆರ್ಥಿಕ ವರ್ಷದ್ದಾಗಿದ್ರೆ ಇನ್ನೊಂದು ವಿಷಯ ಇದೆ. ಅದು ಕೈಗೆ ಬಂದ ವರ್ಷಕ್ಕೇ ಆದಾಯ ಆಗುತ್ತೆ, ಅದರಿಂದ ಸ್ಲ್ಯಾಬ್ ಮೇಲೆ ಹೋದ್ರೆ 89ನೇ ಸೆಕ್ಷನ್ ಪ್ರಕಾರ ರಿಲೀಫ್ ಕೇಳಬಹುದು, ಅದಕ್ಕೆ ರಿಟರ್ನ್ ಹಾಕೋ ಮುಂಚೆ ಫಾರ್ಮ್ 10ಇ ಹಾಕಿರಬೇಕು. ಮೇಲಿನ ಉದಾಹರಣೆ ತರ ಅದೇ ವರ್ಷದ ಅರಿಯರ್ಸಿಗೆ ಇದು ಅನ್ವಯಿಸಲ್ಲ.

12 ಲಕ್ಷದ ಗೆರೆ ಹತ್ತಿರ ಇರೋರು

ಇಲ್ಲಿ ನಿಜವಾದ ತಪ್ಪೂ ಇದೆ, ತಪ್ಪಿನ ತರ ಕಾಣೋ ಸರಿ ಲೆಕ್ಕವೂ ಇದೆ, ಎರಡನ್ನೂ ಬೇರೆ ಮಾಡಿ ತಿಳ್ಕೊಬೇಕು.

ಸಂಬಳ ತಿಂಗಳಿಗೆ ಒಂದು ಲಕ್ಷ ಇರೋರಿಗೆ ವರ್ಷಕ್ಕೆ 12 ಲಕ್ಷ, ಕಳೆದು 11,25,000, ಟ್ಯಾಕ್ಸ್ ಇಲ್ಲ. ಇವ್ರಿಗೆ 1,00,000 ಬೋನಸ್ ಬಂತು ಅಂದ್ರೆ 12,25,000. ಸ್ಲ್ಯಾಬ್ ಪ್ರಕಾರ 60,000 ಪ್ಲಸ್ 25,000ದ 15 ಪರ್ಸೆಂಟ್ 3,750, ಒಟ್ಟು 63,750. ಮಾರ್ಜಿನಲ್ ರಿಲೀಫ್ ಹಾಕಿದ್ರೆ ಟ್ಯಾಕ್ಸ್ 25,000ಕ್ಕೆ ನಿಲ್ಲುತ್ತೆ, ಸೆಸ್ ಸೇರಿ 26,000. ಸಾಫ್ಟ್‌ವೇರಲ್ಲಿ ರಿಲೀಫ್ ಲೆಕ್ಕ ಇಲ್ದೇ ಹೋದ್ರೆ 66,300 ತೋರಿಸುತ್ತೆ. 40,300 ರೂಪಾಯಿ ವ್ಯತ್ಯಾಸ ಇದು, ಸಣ್ಣದಲ್ಲ. ಹಳೇ ವರ್ಷನ್ ಅಪ್ಡೇಟ್ ಮಾಡದೇ ಇರೋರು, ಎಕ್ಸೆಲ್ಲಲ್ಲಿ ತಾವೇ ಫಾರ್ಮುಲಾ ಬರ್ಕೊಂಡಿರೋರು ಇದನ್ನ ಮೊದಲು ಚೆಕ್ ಮಾಡಿ. ಚೆಕ್ ಸುಲಭ: ಸೆಸ್ ಬಿಟ್ಟ ಟ್ಯಾಕ್ಸು, 12 ಲಕ್ಷದ ಮೇಲೆ ದಾಟಿದ ಮೊತ್ತಕ್ಕಿಂತ ಜಾಸ್ತಿ ಇದ್ರೆ ರಿಲೀಫ್ ಹಾಕಿಲ್ಲ ಅಂತ. ಸುಮಾರು 12,70,588ರ ತನಕ ಮಾತ್ರ ಈ ರಿಲೀಫ್ ಕೆಲಸ ಮಾಡುತ್ತೆ, ಅದರ ಮೇಲೆ ಸ್ಲ್ಯಾಬ್ ಲೆಕ್ಕವೇ ಕಮ್ಮಿ ಆಗಿರುತ್ತೆ.

ಈಗ ಅದೇ ಮನುಷ್ಯರಿಗೆ ಬೋನಸ್ 1,50,000 ಬಂತು ಅನ್ಕೊಳ್ಳಿ. 12,75,000. ಟ್ಯಾಕ್ಸ್ 71,250, ದಾಟಿದ್ದು 75,000, ಹಂಗಾಗಿ ರಿಲೀಫ್ ಇಲ್ಲ. ಸೆಸ್ ಸೇರಿ 74,100. ಒಂದೂವರೆ ಲಕ್ಷ ಬೋನಸ್ಸಲ್ಲಿ ಹತ್ತಿರ ಹತ್ತಿರ ಅರ್ಧ ಹೋಯ್ತು. ನೋಡಿದ್ರೆ ಎದೆ ಧಸಕ್ ಅನ್ನುತ್ತೆ, ಆದ್ರೆ ಇದು ಸಾಫ್ಟ್‌ವೇರ್ ತಪ್ಪಲ್ಲ, ಕಾನೂನಿನ ಲೆಕ್ಕವೇ ಹಿಂಗಿದೆ. ಇಂಥವ್ರಿಗೆ ಬೋನಸ್ ಲೆಟರ್ ಕೊಡೋ ದಿನವೇ ಕೂರಿಸಿ ಹೇಳಿಬಿಡಬೇಕು, ಸ್ಲಿಪ್ ಬಂದ ಮೇಲೆ ಹೇಳಿದ್ರೆ ಯಾರೂ ನಂಬಲ್ಲ.

ಆ 74,100ನ್ನ ಒಂದೇ ತಿಂಗಳು ಹಿಡಿಯೋದಾ, ಅಕ್ಟೋಬರಿಂದ ಮಾರ್ಚ್ ತನಕ 12,350ರ ಹಂಗೆ ಆರು ಭಾಗ ಮಾಡೋದಾ ಅನ್ನೋದೂ ಒಂದು ಸೆಟ್ಟಿಂಗ್. ಒನ್ ಟೈಮ್ ಆದಾಯದ ಟ್ಯಾಕ್ಸ್ ಅದೇ ತಿಂಗಳು ಪೂರ್ತಿ ಹಿಡಿ ಅಂತ ಇದ್ರೆ ಸ್ಲಿಪ್ ಭಯ ಹುಟ್ಟಿಸುತ್ತೆ, ವರ್ಷದ ಕೊನೆಗೆ ಎರಡೂ ಒಂದೇ. ಹಿಂದಕ್ಕೆ ಲೆಕ್ಕ ಹಾಕೋರು ಇದನ್ನ ಮೊದಲೇ ಕೇಳ್ಕೊಳ್ಳಿ, ಪೂರ್ತಿ ಹಿಡಿಯೋ ಸೆಟ್ಟಿಂಗಲ್ಲಿ ತಿಂಗಳಿನಿಂದ ಗುಣಿಸಬಾರದು. ಮಾರ್ಚಲ್ಲಿ ಬೋನಸ್ ಕೊಟ್ರೆ ಭಾಗ ಮಾಡೋಕೆ ತಿಂಗಳೇ ಉಳಿದಿರಲ್ಲ.

ಉಳಿದವು ಬೇಗ ಬೇಗ ಹೇಳ್ತೀನಿ. ಭಾಗಿಸಿದಾಗ ಶೇಷ ಬಂತು, ಬೋನಸ್ಸಿಗೂ ವ್ಯತ್ಯಾಸಕ್ಕೂ ಸಂಬಂಧವೇ ಕಾಣಲಿಲ್ಲ ಅಂದ್ರೆ ಟ್ಯಾಕ್ಸ್ ಶೀಟಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಎಷ್ಟಿದೆ ನೋಡಿ. 75,000 ಇದ್ರೆ ಹೊಸ ಪದ್ಧತಿ, 50,000 ಇದ್ರೆ ಹಳೇದು. 2023-24ರಿಂದ ಹೊಸದೇ ಡೀಫಾಲ್ಟ್, ಹಳೇದು ಬೇಕು ಅಂತ ಕಂಪನಿಗೆ ಹೇಳದೇ ಇದ್ರೆ ಹೊಸದ್ರಲ್ಲೇ ಹಿಡೀತಾರೆ, ಆಗ ನಿಮ್ಮ ಎಲ್‌ಐಸಿ, ಪಿಎಫ್ ಸೇರಿದ 80ಸಿಯ ಒಂದೂವರೆ ಲಕ್ಷ ಯಾವುದೂ ಲೆಕ್ಕಕ್ಕೆ ಬರಲ್ಲ. ಹಳೇ ಪದ್ಧತಿಯವ್ರಿಗೆ ಜನವರಿಯಲ್ಲಿ ಏರಿದ್ರೆ ಬಹುಶಃ ಹೂಡಿಕೆಯ ಪ್ರೂಫ್ ಕೊಟ್ಟಿಲ್ಲ, ಬೋನಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ವರ್ಷದ ಮಧ್ಯೆ ಕೆಲಸ ಬದಲಾಯಿಸಿದವ್ರು ಹಳೇ ಕಂಪನಿ ಸಂಬಳದ ವಿವರ ಫಾರ್ಮ್ 12ಬಿಯಲ್ಲಿ ತಡವಾಗಿ ಕೊಟ್ರೆ, ಕೊಟ್ಟ ತಿಂಗಳಿಂದ ದಿಢೀರ್ ಏರುತ್ತೆ, ಅದು ಸರಿಯೇ. ಪ್ಯಾನ್ ಆಧಾರ್ ಜೊತೆ ಲಿಂಕ್ ಆಗದೇ ನಿಷ್ಕ್ರಿಯ ಆಗಿದ್ರೆ ಟ್ಯಾಕ್ಸ್ ಬರೋ ಆದಾಯ ಇರೋರಿಗೆ ಕನಿಷ್ಠ 20 ಪರ್ಸೆಂಟ್ ಹಿಡಿಬೇಕಾಗುತ್ತೆ. ಫೆಬ್ರವರಿಯಲ್ಲಿ 100 ರೂಪಾಯಿ ಜಾಸ್ತಿ ಹೋಗಿದೆ ಅಂತ ಬರೋರೂ ಇದಾರೆ, ಅದು ಟಿಡಿಎಸ್ ಅಲ್ಲ, ಕರ್ನಾಟಕದ ಪ್ರೊಫೆಷನಲ್ ಟ್ಯಾಕ್ಸ್ 2025ರ ಏಪ್ರಿಲಿಂದ ಫೆಬ್ರವರಿ ತಿಂಗಳು 300, ಬಾಕಿ ತಿಂಗಳು 200.

ತಪ್ಪು ಸಿಕ್ಕಿದ ಮೇಲೆ

ಹಿಡಿದ ಟಿಡಿಎಸ್ ಮುಂದಿನ ತಿಂಗಳ 7ನೇ ತಾರೀಖಿನ ಒಳಗೆ ಸರ್ಕಾರಕ್ಕೆ ಕಟ್ಟಬೇಕು, ಮಾರ್ಚ್‌ದು ಮಾತ್ರ ಏಪ್ರಿಲ್ 30ರ ತನಕ. ಹಂಗಾಗಿ ಆ 7ನೇ ತಾರೀಖು ಬಹಳ ಮುಖ್ಯ. ಚಲನ್ ಕಟ್ಟೋ ಮುಂಚೆ ಸಿಕ್ಕಿದ್ರೆ ಆ ತಿಂಗಳ ಪೇರೋಲ್ ತೆರೆದು ಸರಿ ಮಾಡಿ ದುಡ್ಡು ವಾಪಸ್ ಕೊಡಬಹುದು. ಕಟ್ಟಿ ಆದ ಮೇಲೆ ಸಿಕ್ಕಿದ್ರೆ 192(3) ಪ್ರಕಾರ ಅದೇ ವರ್ಷದ ಮುಂದಿನ ತಿಂಗಳುಗಳಲ್ಲಿ ಕಮ್ಮಿ ಹಿಡಿದು ಸರಿದೂಗಿಸಬಹುದು, ಹೆಡ್ ಸರಿ ಮಾಡಿದ್ರೆ ಸಾಫ್ಟ್‌ವೇರೇ ಮಾಡುತ್ತೆ. ಮೇಲಿನ 17,788 ಕೇಸಲ್ಲಿ ಅದು ನಡೆಯುತ್ತೆ, ಅವ್ರಿಗೆ ಮುಂದೆ ಹಿಡಿಯೋಕೆ ಟ್ಯಾಕ್ಸ್ ಇದೆ. ಆದ್ರೆ ನಮ್ಮ ಹುಡುಗನ ತರ ಟ್ಯಾಕ್ಸೇ ಇಲ್ಲದವ್ರಿಗೆ ಎಲ್ಲಿಂದ ಕಮ್ಮಿ ಹಿಡಿಯೋದು? ಚಲನ್ ಹೋದ್ರೆ ಅವ್ರು ರಿಟರ್ನ್ ಹಾಕಿ ರಿಫಂಡ್ ಬರೋ ತನಕ ಕಾಯಬೇಕು. ಟ್ಯಾಕ್ಸ್ ಬರದೇ ಇರೋರ ದೂರನ್ನ ಮೊದಲು ನೋಡಬೇಕು ಅಂತ ನಾನು ಹೇಳೋದು ಅದಕ್ಕೇ. ತ್ರೈಮಾಸಿಕ 24ಕ್ಯೂ (ಸಂಬಳದ ಟಿಡಿಎಸ್ ಬಗ್ಗೆ ಕಂಪನಿ ಸಲ್ಲಿಸೋ ವಿವರ) ಹಾಕಿ ಆದ ತಿಂಗಳನ್ನ ಮಾತ್ರ ತೆರೆದು ತಿದ್ದೋಕೆ ಹೋಗಬೇಡಿ, ಸ್ಲಿಪ್ಪಲ್ಲೊಂದು 24ಕ್ಯೂನಲ್ಲೊಂದು ಆಗಿ ಕೊನೆಗೆ ಫಾರ್ಮ್ 16 ತಾಳೆ ಆಗಲ್ಲ.

ಸಪೋರ್ಟಿಗೆ ಫೋನ್ ಮಾಡೋದಾದ್ರೆ "ಟಿಡಿಎಸ್ ಜಾಸ್ತಿ ಬಂದಿದೆ" ಅಂತ ಹೇಳಿದ್ರೆ ಅರ್ಧ ದಿನ ಹೋಗುತ್ತೆ. "ಅಂದಾಜು ಆದಾಯ 13,20,000 ತಗೊಂಡಿದೆ, 10,20,000 ಇರಬೇಕು, ಬೋನಸ್ ಹೆಡ್ ಐದು ತಿಂಗಳು ಮುಂದಕ್ಕೆ ಹೋಗಿದೆ" ಅಂತ ಹೇಳಿ, ಹತ್ತು ನಿಮಿಷದ ಕೆಲಸ.

ಆ ಹುಡುಗ ಹಬ್ಬಕ್ಕೆ ಹೋಗೋ ಮುಂಚೆ ಅವನ ಮೊಬೈಲಲ್ಲಿ ಆ ಪೆನ್ಸಿಲ್ ಲೆಕ್ಕದ ಫೋಟೋ ತೆಗೆಸಿ ಕಳಿಸಿದ್ದೆ, ಮನೇಲಿ ಕೇಳಿದ್ರೆ ತೋರಿಸ್ಲಿ ಅಂತ. ಹಬ್ಬ ಕಳೆದ ಮೇಲೆ ಹೆಡ್ಡಲ್ಲಿ ಆ ಟಿಕ್ ತೆಗೆದು, ಅಕ್ಟೋಬರ್ ಮತ್ತೆ ಪ್ರೋಸೆಸ್ ಮಾಡಿ, ಪಟ್ಟಿಯಲ್ಲಿ ತಪ್ಪಾಗಿ ಹಿಡಿದಿದ್ದವ್ರದ್ದೆಲ್ಲ ಒಟ್ಟು ತೆಗೆದು ಅಕೌಂಟ್ಸಿಗೆ ಕೊಟ್ವಿ. 7,800 ಅವನ ಅಕೌಂಟಿಗೆ ಬಿದ್ದಿದ್ದು ನವೆಂಬರ್ 4ಕ್ಕೆ, ಚಲನ್ ಕಟ್ಟೋಕೆ ಇನ್ನು ಮೂರು ದಿನ ಇತ್ತು.